ಕತ್ತಲೆ ಫೋಟೋದಲ್ಲಿ ನೀರಿನ ಹನಿಗಳು

ಸರ್,

ಬೀಳಗಿಯ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಆ ಫೋಟೋವನ್ನು ನನ್ನ ಕಣ್ಣೆದುರು ಹಿಡಿದ ಗಳಿಗೆಯಿಂದ ಶುರು ಮಾಡುತ್ತೇನೆ. ಆ ದಿನ ನೀವು ಅಲ್ಲಿರಲಿಲ್ಲ. ಆಮೇಲೆ ನಿಮ್ಮ ಮನೆಗೆ ಓಡಿ ಬಂದು ಹೇಳಿದ್ದೂ ಅರ್ಧಂಬರ್ಧ.

"ಇದನ್ನ ತೆಗದವರು ನೀವ ಅಲ್ರಿ?"

"ಹೌದ್ರಿ."

"ಆಗ ಹೊತ್ತು ಎಷ್ಟಾಗಿತ್ತು?"

"ಇನ್ನೂ ಸಂಜಿ ಆಗಿರಲಿಲ್ರಿ. ಬೆಳಕ ಛಲೋ ಇತ್ತು."

"ನಿಮ್ಮ ನೆನಪ ಬಿಡ್ರಿ. ಈ ಫೋಟೋ ಏನ ಹೇಳತೈತಿ? ಇದರಾಗ ಬೆಳಕ ಐತೇನು?"

ಇರಲಿಲ್ಲ. ಆಕಾಶ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಟ್ರ್ಯಾಕ್ಟರು ಒಂದು ಕರಿ ಗುಡ್ಡೆಯಂತೆ ಕಾಣುತ್ತಿತ್ತು. ಹಿಂದಿನ ಟ್ರಾಲಿಯಲ್ಲಿ ಗಂಟುಮೂಟೆಗಳ ಮೇಲೆ ಕೂತವರ ಮುಖ ಯಾವುದೂ ಗುರುತು ಹತ್ತುವಂತಿರಲಿಲ್ಲ. ಯಾರೇ ನೋಡಿದರೂ ಹೊತ್ತು ಮುಳುಗಿದ ಮೇಲೆ ತೆಗೆದದ್ದು ಎನ್ನುವಂಥ ಫೋಟೋ. ಅದೇ ರೋಲಿನ ಉಳಿದ ಫೋಟೋಗಳನ್ನೂ ಅವರು ತೋರಿಸಿದರು. "ಇವೆಲ್ಲಾ ಫ್ಲ್ಯಾಶ್ ಹಾಕಿ ತೆಗದದ್ದು. ಬೆಳಕ ಇದ್ದಿದ್ರ ಫ್ಲ್ಯಾಶ್ ಯಾಕ ಬೇಕಾಗಿತ್ತು?"

"ಅವು ಮನಿಯೊಳಗಿಂದು ರೀ," ಎಂದೆ. ಬರೆದುಕೊಂಡರೋ ಇಲ್ಲವೋ. ಕಟಕಟೆಯ ಆಚೆ, ಆ ಟ್ರ್ಯಾಕ್ಟರು ಹೊಡೆದಿದ್ದ ಹಾಲಪ್ಪ ಮಾಮಾ ತಲೆ ತಗ್ಗಿಸಿ ನಿಂತಿದ್ದ. ಅವನ ಅಣ್ಣ ಬೀರಪ್ಪ ಮಾಮಾ ಎದುರಿನ ಬೆಂಚಿನ ಮೇಲೆ ಕೂತು ನೆಟ್ಟ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನ ಮುಖದಲ್ಲೇ ಬರೆದಿತ್ತು. ಹೇಗೆ ನಂಬಿಯಾನು ಸರ್? ಮುಳುಗಡೆಯಾದ ಆ ಊರು ನನ್ನ ಅವ್ವನ ತವರೂರು. ಇಬ್ಬರೂ ನನಗೆ ಸೋದರಮಾವನ ಸಾಲಿನವರು, ಜೈಲಿಗೆ ಹೋಗುವ ಮಾವನನ್ನು ಉಳಿಸಲು ಹೀಗಂದೆ ಎಂದೇ ಯಾರಾದರೂ ತಿಳಿಯುತ್ತಾರೆ.

ಊರು ಬಿಡುವ ದಿನದ ನೆನಪು ನನಗೆ ಮುಖಗಳಲ್ಲಿ ಇದೆಯೇ ಹೊರತು ಗಡಿಯಾರದಲ್ಲಿ ಇಲ್ಲ. ಆಣೆಕಟ್ಟಿನ ಹಿನ್ನೀರು ಹೊಲ ದಾಟಿ ಊರ ಕೆಳಗಿನ ಓಣಿಗೆ ಬಂದಿತ್ತು. ಮನೆ ಬಿಡುವ ಮೊದಲು ಒಂದೊಂದು ಮನೆಯವರೂ ತಮ್ಮ ಪಡಸಾಲೆಯಲ್ಲಿ, ದೇವರ ಜಗುಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ನನ್ನನ್ನು ಜಮಖಂಡಿಯಿಂದ ಕರೆಸಿದ್ದರು. ಸ್ಟುಡಿಯೋದ ದೊಡ್ಡ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಕೈಯಲ್ಲಿದ್ದದ್ದು ಸಣ್ಣ ಆಟೋಮ್ಯಾಟಿಕ್ ಕ್ಯಾಮೆರಾ. ಕತ್ತಲೆ ಗವಿಯಂಥ ಮಣ್ಣಿನ ಮನೆಗಳು. ಒಂದರಿಂದ ಇನ್ನೊಂದಕ್ಕೆ ಫ್ಲ್ಯಾಶ್ ಹೊಡೆಯುತ್ತಲೇ ಹೋದೆ. ಕೊನೆಕೊನೆಗೆ ಒಂದು ಸಲ ಹೊಡೆದರೆ ಮತ್ತೆ ತಯಾರಾಗಲು ಅದು ಬಹಳ ಹೊತ್ತು ಕಿರ್ ಎಂದು ಗುಂಯ್‌ಗುಡುತ್ತಿತ್ತು.

ಬೀರಪ್ಪ ಮಾಮಾ ಬೆಳಿಗ್ಗೆಯೇ ಹೊಸ ಊರಿಗೆ ಹೋಗಿ ತಗಡಿನ ಶೆಡ್ಡು ನಿಲ್ಲಿಸುತ್ತಿದ್ದ. ಅವನ ಹೆಂಡತಿ ಯಲ್ಲವ್ವ ಅತ್ತೆ ಕೊನೆಯ ಸಾಮಾನಿನ ಜೊತೆ ಟ್ರಾಲಿ ಹತ್ತಿದಳು. ಹಳ್ಳದ ಮೇಲಿನ ತಗ್ಗಿನ ಸೇತುವೆ ದಾಟಬೇಕು. ಹೊತ್ತು ಮುಳುಗಿದ ಮೇಲೆ ಅದರ ಮೇಲೆ ಯಾರೂ ಗಾಡಿ ಹೊಡೆಯಬಾರದೆಂದು ಡಂಗುರ ಸಾರಿದ್ದರು. ಮೋಡ ಕವಿದಿತ್ತು, ಆದರೆ ಬೆಳಕಿತ್ತು. ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಕೆಳಗಿನ ಕಲ್ಲು ಕಾಣುತ್ತಿದ್ದವು. ಹಾಲಪ್ಪ ಮಾಮಾ ಇಳಿದು, ನಡೆದು ನೋಡಿ ಬಂದು, "ಹೋಗೂಣು" ಅಂದ. ನಾನು ದಂಡೆಯ ಮೇಲೆ ನಿಂತು ಫ್ಲ್ಯಾಶ್ ಬಂದ್ ಮಾಡಿ ಗುಂಡಿ ಒತ್ತಿದೆ. ಮುಂದಿನ ಗಾಲಿ ನೀರಿಗೆ ಬಿತ್ತು. ನೀರು ಎರಡೂ ಕಡೆ ಚಿಮ್ಮಿತು. ಅಷ್ಟೇ ನಾನು ಕ್ಯಾಮೆರಾದಲ್ಲಿ ನೋಡಿದ್ದು. ಆಮೇಲೆ ಸೇತುವೆಯ ಒಂದು ಅಂಚು, ಒಳಗೊಳಗೇ ನೀರು ಕೊರೆದಿದ್ದ ಅಂಚು ಕುಸಿದು, ಟ್ರಾಲಿ ಹಳ್ಳಕ್ಕೆ...

ಉಳಿದವರೆಲ್ಲ ಹೊರಗೆ ಬಂದರು. ಯಲ್ಲವ್ವ ಅತ್ತೆ ಬರಲಿಲ್ಲ. ಹಾಲಪ್ಪ ಮಾಮಾ ಮತ್ತೆ ಮತ್ತೆ ಮುಳುಗಿ ಹುಡುಕುತ್ತಿದ್ದ. ಅವನನ್ನು ಎಳೆದು ಹಾಕಲು ನಾಲ್ಕು ಜನ ಬೇಕಾದರು.

ಮೊದಮೊದಲು ಅಣ್ಣತಮ್ಮಂದಿರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು ಸರ್. ಇದು ನಿಮಗೆ ಗೊತ್ತಿರಲಿಲ್ಲ. ಫೋಟೋ ಬಂದ ಮೇಲೆ ಎಲ್ಲ ಬದಲಾಯಿತು. ಪೊಲೀಸರು ರೋಲು ಕೇಳಿದ್ದರು, ತೊಳೆಸಿ ಪ್ರಿಂಟು ಕೊಟ್ಟೆ. ಅದು ಬೀರಪ್ಪ ಮಾಮಾನ ಕೈಗೂ ಹೋಯಿತು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ತಮ್ಮನ ಕಡೆ ತಿರುಗದೆಯೇ ಕೇಳಿದ: "ಕತ್ತಲಾಗಿತ್ತೇನಲೇ?"

"ಇಲ್ಲೋ ಅಣ್ಣಾ."

"ಮತ್ತ ಇದೇನಿದು?"

ಟ್ರಾಲಿಯಲ್ಲಿದ್ದವರನ್ನು ಕೇಳಿದರೆ ಒಬ್ಬರದು ಒಂದು ಹೊತ್ತು. ಊರು ಬಿಡುವ ಸಂಕಟದಲ್ಲಿ ಹೊತ್ತು ನೋಡಿದವರು ಯಾರು? ಬೀರಪ್ಪ ಮಾಮಾ ದೂರು ಕೊಟ್ಟ. ಆ ದಿನದಿಂದ ತಮ್ಮನ ಜೊತೆ ಮಾತು ಬಿಟ್ಟ.

ನಾನು ಕ್ಯಾಮೆರಾ ಹಿಡಿದು ನಿಮ್ಮ ಜಮಖಂಡಿಯ ಮನೆಗೆ ಬಂದಾಗ ನೀವು ಜಗುಲಿಯ ಮೇಲೆ ದಿಂಬಿಗೊರಗಿ ಕೂತಿದ್ದಿರಿ. ಉಸಿರಾಟದ ತೊಂದರೆ ಆಗಲೇ ಶುರುವಾಗಿತ್ತು. ಪಿಯುಸಿಯಲ್ಲಿ ನನಗೆ ಫಿಜಿಕ್ಸ್ ಕಲಿಸಿದವರು ನೀವು. ಅಪ್ಪನ ಕಣ್ಣು ಮಂಜಾಗಿ ನಾನು ಕಾಲೇಜು ಬಿಟ್ಟು ಸ್ಟುಡಿಯೋದಲ್ಲಿ ಕೂತ ಮೇಲೂ, ಲೈಟು, ಲೆನ್ಸು ಅಂತ ಏನೇ ತಿಳಿಯದಿದ್ದರೂ ನಿಮ್ಮ ಹತ್ತಿರವೇ ಬರುತ್ತಿದ್ದೆ. ಹೇಳಿದಷ್ಟನ್ನು ಕೇಳಿ ನೀವು ಒಂದೇ ಪ್ರಶ್ನೆ ಕೇಳಿದಿರಿ. "ಕಸ್ತೂರಿ, ನಿನಗ ಖಾತ್ರಿ ಐತೇನು, ಬೆಳಕ ಇತ್ತು ಅಂತ?"

"ಐತ್ರಿ ಸರ್."

"ಹಂಗಾದ್ರ ತಪ್ಪು ಇದರೊಳಗ ಐತಿ. ಹುಡುಕೂಣು."

ಹುಡುಕಿದೆವು. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪ್ ಒಂದನ್ನು ಕಾಲೇಜಿನ ಲ್ಯಾಬಿನಿಂದ ಕೇಳಿ ತರಿಸಿದಿರಿ. ಕ್ಯಾಮೆರಾದ ಹಿಂಬಾಗಿಲು ತೆಗೆದು, ಮುಂದೆ ಬ್ಯಾಟರಿ ದೀಪ ಹಚ್ಚಿಟ್ಟು, ಫಿಲ್ಮ್ ಇರಬೇಕಾದ ಜಾಗದಲ್ಲಿ ಬೆಳಕು ತಿಳಿಯುವ ಒಂದು ಸಣ್ಣ ಸೆನ್ಸರ್ ಕೂರಿಸಿದಿರಿ. ಗುಂಡಿ ಒತ್ತಿದರೆ, ಒಳಗೆ ಬಿದ್ದ ಬೆಳಕಿಗೆ ತಕ್ಕಂತೆ ಪರದೆಯ ಮೇಲೆ ಹಸಿರು ಗೆರೆ ಏಳಬೇಕು, ಇಳಿಯಬೇಕು. ಎದ್ದಿತು, ಇಳಿಯಿತು. ಮತ್ತೆ ಒತ್ತಿದೆ, ಅದೇ ಗೆರೆ. ಎಷ್ಟು ಸಲ ಒತ್ತಿದರೂ ಕೂದಲೆಳೆಯಷ್ಟೂ ಏರುಪೇರಿಲ್ಲ. ಹೊಸ ಸೆಲ್ ಹಾಕಿ ನೋಡಿದೆವು, ಹಳೆಯದು ಹಾಕಿ ನೋಡಿದೆವು. ಬಿಸಿಲಲ್ಲಿಟ್ಟು ಕಾಯಿಸಿದೆವು, ಹಸಿ ಬಟ್ಟೆ ಸುತ್ತಿ ತಣ್ಣಗೆ ಮಾಡಿದೆವು. ಅಷ್ಟು ಛಲೋ ಕ್ಯಾಮೆರಾ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲವೇನೋ. ಅದನ್ನು ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸುತ್ತಿತ್ತು ನನಗೆ.

ಒಂದು ದಿನ ಹಾಲಪ್ಪ ಮಾಮಾನ ಹೆಂಡತಿ ಸತ್ಯವ್ವ ಅತ್ತೆ ಬಂದಳು. ಹೊಲ ಹೋದ ಮೇಲೆ ಅವರು ಬನಹಟ್ಟಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಅವಳು ಮಗ್ಗದ ಕಾರಖಾನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ತಲೆಗೂದಲಿನಲ್ಲಿ ಹತ್ತಿಯ ಎಳೆ ಅಂಟಿಕೊಂಡಿತ್ತು. ಬಾಗಿಲಲ್ಲೇ ನಿಂತು ಕೇಳಿದಳು: "ಸಿಕ್ಕತೇನ್ರಿ ಮಾಸ್ತರ?"

ನೀವು ಇಲ್ಲವೆಂದು ತಲೆಯಾಡಿಸಿದಿರಿ.

"ಸಾಕ್ಷಿಯವರದು ಮುಗಿಯಾಕ ಬಂತಂತ್ರಿ. ವಕೀಲರು ಲಗೂ ಮಾಡು ಅನ್ನಾಕತ್ತಾರ. ನನ್ನ ಗಂಡ ಊಟಾ ಬಿಟ್ಟಾನ್ರಿ. ಜೇಲಿಗೆ ಹೆದರಿಲ್ಲ. ನಮ್ಮಣ್ಣ ನನ್ನನ್ನ ಕೊಲೆಗಾರ ಅಂತ ತಿಳಕೊಂಡಾನ ಅಂತಾನ, ಗೋಡಿ ಕಡೆ ಮಾರಿ ಮಾಡಿ ಮಲಗತಾನ."

ನಿಮ್ಮ ಮನೆಯವರು, ನಮ್ಮ ಕಾಕೂ, ಅವಳಿಗೆ ರೊಟ್ಟಿ ಬಡಿಸಿದರು. ಅವಳು ಅರ್ಧ ತಿಂದು, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಹೋದಳು. ಆಮೇಲೆ ನೀವು, "ಆ ಫೋಟೋದ ದೊಡ್ಡ ಪ್ರಿಂಟ್ ಮಾಡಿ ತಾ," ಎಂದಿರಿ. "ಕ್ಯಾಮೆರಾ ಸುಮ್ಮನೈತಿ. ಫೋಟೋನ ಕೇಳೂಣು."

ಮರುದಿನ ತಂದೆ. ಭೂತಗನ್ನಡಿ ಹಿಡಿದು ನೀವು ಟ್ರ್ಯಾಕ್ಟರನ್ನು ಬಿಟ್ಟು, ಜನರನ್ನು ಬಿಟ್ಟು, ಗಾಲಿಯ ಬದಿಯ ನೀರನ್ನೇ ನೋಡುತ್ತ ಕೂತಿರಿ. ನೋಡುತ್ತ ನೋಡುತ್ತ ನಿಮ್ಮ ಉಸಿರು ಜೋರಾಯಿತು. ನನಗೆ ಗಾಬರಿ. ಕಾಕೂನ ಕರೆಯಲೇ ಎಂದು ಎದ್ದೆ.

"ಕೂಡು. ಇದನ್ನ ನೋಡು. ಏನ ಕಾಣತೈತಿ?"

"ನೀರ ಹನಿ ರೀ."

"ಹನಿಗೋಳು ಹೆಂಗದಾವು?"

ಮಸುಕಾಗಿದ್ದವು, ಆದರೆ ದುಂಡಗಿದ್ದವು. ಸಾಸಿವೆ ಕಾಳು ಚೆಲ್ಲಿದಂತೆ ಒಂದೊಂದೂ ಬೇರೆ ಬೇರೆ.

"ಕತ್ತಲಾಗಿದ್ರ ಈ ಆಟೋಮ್ಯಾಟಿಕ್ ಕ್ಯಾಮೆರಾ ಏನ ಮಾಡತಿತ್ತು? ಬೆಳಕ ಸಾಲದು ಅಂತ ಶಟರಿನ ಬಾಗಿಲಾ ಭಾಳ ಹೊತ್ತು ತಗದಿಡತಿತ್ತು. ಆಗ ಹಾರೋ ಹನಿ ಗೆರಿ ಆಗಬೇಕಾಗಿತ್ತು, ಹನಿಯಾಗಿ ಉಳಿಯತಿರಲಿಲ್ಲ. ಇವು ನಿಂತ ನಿಂತಾವ. ಅಂದ್ರ ಕ್ಯಾಮೆರಾದ ಕಣ್ಣಿಗೆ ಅವತ್ತು ಬೆಳಕ ಭಾಳ ಕಂಡೈತಿ. ಕಂಡು, ಸ್ವಲ್ಪ ಹೊತ್ತು ತಗದ್ರ ಸಾಕು ಅಂತ ಅಪ್ಪಣಿ ಕೊಟ್ಟೈತಿ. ಆದ್ರ ಆ ಬೆಳಕು ಫಿಲ್ಮಿಗೆ ಮುಟ್ಟಿಲ್ಲ."

"ಯಾಕ್ರಿ ಮುಟ್ಟಲಿಲ್ಲ?"

ಅದು ನಿಮಗೂ ಗೊತ್ತಿರಲಿಲ್ಲ. ಬೇಸರಕ್ಕೋ ಏನೋ ನೀವು ಕ್ಯಾಮೆರಾ ಎತ್ತಿಕೊಂಡು ಫ್ಲ್ಯಾಶ್ ಹೊಡೆದಿರಿ. ಅದು ಕಿರ್ ಎನ್ನತೊಡಗಿತು. ಆ ಸದ್ದು ಕೇಳಿದ್ದೇ ನನಗೆ ಆ ದಿನ ನೆನಪಾಯಿತು. ಆ ದಂಡೆಯ ಮೇಲೂ ಇದೇ ಸದ್ದು ಕೈಯಲ್ಲಿ ಗುಂಯ್‌ಗುಡುತ್ತಿತ್ತಲ್ಲ. ಫ್ಲ್ಯಾಶ್ ಬಂದ್ ಮಾಡಿದರೂ ಒಳಗೆ ಅದು ತುಂಬಿಕೊಳ್ಳುತ್ತಲೇ ಇತ್ತು. "ಸರ್, ಈಗ ಒತ್ತರಿ, ಇದು ನಿಲ್ಲೂದರೊಳಗ ಒತ್ತರಿ," ಎಂದೆ. ಸೋತ ಸೆಲ್ ಹಾಕಿ, ಫ್ಲ್ಯಾಶ್ ಹೊಡೆದು, ಆ ಸದ್ದು ನಿಲ್ಲುವ ಮೊದಲೇ ಗುಂಡಿ ಒತ್ತಿದೆವು.

ಹಸಿರು ಗೆರೆ ಅರ್ಧಕ್ಕೇ ಎದ್ದು ಬಿದ್ದುಹೋಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಮಾಡಿದೆವು. ಮತ್ತೆ ಅರ್ಧ. ಆಗ ನೀವು ನನಗೆ ಬಿಡಿಸಿ ಹೇಳಿದ್ದನ್ನು ನಾನು ಇವತ್ತಿಗೂ ಸ್ಟುಡಿಯೋಕ್ಕೆ ಬರುವವರಿಗೆ ಹಾಗೇ ಹೇಳುತ್ತೇನೆ. "ಇದರ ಶಟರಿನ ರೆಕ್ಕಿ ತಗಿಯೂದು ಸ್ಪ್ರಿಂಗ್ ಅಲ್ಲ, ಒಂದು ಸಣ್ಣ ಸುರುಳಿಯಾಗ ಕರೆಂಟ್ ಹರಿದು ಹುಟ್ಟೋ ಅಯಸ್ಕಾಂತ. ಸೆಲ್ ಗಟ್ಟಿ ಇದ್ರ ಅಪ್ಪಣಿ ಕೊಟ್ಟ ಕೂಡಲೇ ರೆಕ್ಕಿ ತಗೀತಾವು. ಸೆಲ್ಲಿನ ಕಸುವೆಲ್ಲಾ ಫ್ಲ್ಯಾಶ್ ಎಳಕೊಳ್ಳಾಕತ್ತಾಗ ರೆಕ್ಕಿ ತಡಾ ಮಾಡಿ ಏಳತಾವು. ಆದ್ರ ಕ್ಯಾಮೆರಾ ಹೊತ್ತು ಎಣಿಸೂದು ಅಪ್ಪಣಿ ಕೊಟ್ಟಾಗಿಂದ, ಬಾಗಿಲಾ ತಗದಾಗಿಂದ ಅಲ್ಲ. ಬಾಗಿಲಾ ಇನ್ನೂ ಅರ್ಧ ತಗದಿರತೈತಿ, ಅಷ್ಟರಾಗ ಮುಚ್ಚು ಅಂತ ಹೇಳೇ ಬಿಡತೈತಿ. ಛಲೋ ಕ್ಯಾಮೆರಾದಾಗ ರೆಕ್ಕಿ ಖರೇನ ಸರದಾವೋ ಇಲ್ಲೋ ನೋಡಿ, ಆಮ್ಯಾಲ ಎಣಿಸತಾರ. ಇಲ್ಲಾ, ಸೆಲ್ ಎಷ್ಟು ಸೋತೈತಿ ನೋಡಿ ಅಷ್ಟು ಹೊತ್ತು ಕೂಡಸತಾರ. ಇದರಾಗ ಎರಡೂ ಇಲ್ಲ."

ನಾವು ಬೀಳಗಿಗೆ ಹೊರಟ ದಿನ ಕಾಕೂ ಎಷ್ಟು ಬೇಡವೆಂದರು. ಜೀಪಿನ ಹಿಂದಿನ ಸೀಟಿನಲ್ಲಿ ಕೌದಿ ಸುತ್ತಿದ ಆಸಿಲೋಸ್ಕೋಪು, ಮುಂದೆ ನೀವು. ಬಾಡಗಂಡಿ ಹತ್ತಿರ ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿಕೊಂಡಾಗ ಧೂಳಿಗೆ ನಿಮ್ಮ ಉಸಿರು ಕಟ್ಟಿತು. ತುಟಿ ನೀಲಿಯಾಗಿದ್ದವು. ತಿರುಗಿ ಹೋಗೋಣ ಎಂದೆ. ನೀವು ಕೈ ಮಾತ್ರ ಮುಂದಕ್ಕೆ ಮಾಡಿದಿರಿ, ನಡಿ ಅಂತ. ಕೋರ್ಟಿನ ಮೆಟ್ಟಿಲು ಹತ್ತಲಾಗದೆ ನಿಂತಾಗ ಹಾಲಪ್ಪ ಮಾಮಾ ಒಂದು ಕುರ್ಚಿ ಹಿಡಿದು ಓಡಿ ಬಂದು, ನಿಮ್ಮನ್ನು ಕೂರಿಸಿ ಎತ್ತಿಕೊಂಡ. ಇನ್ನೊಂದು ಕಡೆ ನಮ್ಮ ಪರ ಮುಧೋಳದಿಂದ ಬಂದಿದ್ದ ವಕೀಲರು ಕರಿ ಕೋಟಿನಲ್ಲೇ ಕೈ ಹಚ್ಚಿದರು.

ಒಳಗೆ ಮೊದಲ ಸಲ ಗುಂಡಿ ಒತ್ತಿದಾಗ ಆದದ್ದು ನೆನಪಿದೆಯಾ ಸರ್? ನ್ಯಾಯಾಧೀಶರು ತಾವೇ ಕೆಳಗಿಳಿದು ಬಂದು ಪರದೆಯ ಮುಂದೆ ಬಗ್ಗಿ ನಿಂತಿದ್ದರು. ಫ್ಲ್ಯಾಶ್ ಹೊಡೆದೆ, ಗುಂಡಿ ಒತ್ತಿದೆ. ಹಸಿರು ಗೆರೆ ನೆಟ್ಟಗೆ, ಪೂರ್ತಿ ಎದ್ದಿತು. ಯಾರೋ ಹಿಂದಿನಿಂದ ನಕ್ಕರು. ಮತ್ತೆ ಒತ್ತಿದೆ. ಮತ್ತೆ ಪೂರ್ತಿ. ಕೆಟ್ಟು ತೋರಿಸು ತಾಯೀ ಎಂದು ಒಂದು ಯಂತ್ರಕ್ಕೆ ಕೈಮುಗಿದವಳು ನಾನೊಬ್ಬಳೇ ಇರಬೇಕು. ಸರ್ಕಾರಿ ವಕೀಲರು, "ಕ್ಯಾಮೆರಾ ಛಲೋನ ಐತಲ್ರಿ," ಎಂದರು.

ನೀವು ಉಸಿರು ಎಳೆದುಕೊಳ್ಳುತ್ತ, ತಡೆದು ತಡೆದು ಹೇಳಿದಿರಿ: "ಜೀಪಿನ್ಯಾಗ ಬರೂ ತನಕ ಸೆಲ್ಲಿಗೆ ಆರಾಮ ಸಿಕ್ಕೈತ್ರಿ. ಆರಾಮ ಸಿಕ್ರ ಅದಕ್ಕ ಸ್ವಲ್ಪ ಕಸುವು ತಿರುಗಿ ಬರತೈತಿ. ಅವತ್ತು ಈಕಿ ಮನಿ ಮನಿಯಾಗ ಹೊಡಕೋತ ಬಂದಿದ್ಲು. ಹಂಗ ದಣಿಸಬೇಕ್ರಿ. ಅಪ್ಪಣಿ ಕೊಡ್ರಿ."

ಅಪ್ಪಣೆ ಸಿಕ್ಕಿತು. ಕೋರ್ಟಿನೊಳಗೆ ನಾನು ಫ್ಲ್ಯಾಶ್ ಹೊಡೆಯುತ್ತ ನಿಂತೆ. ಗೋಡೆ, ಫ್ಯಾನು, ಜನರ ಮುಖ, ಎಲ್ಲ ಬೆಳ್ಳಗೆ ಮಿಂಚಿ ಮಾಯವಾಗುತ್ತಿದ್ದವು. ಜನ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೀರಪ್ಪ ಮಾಮಾ ಮಾತ್ರ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಕಿರ್ ಎನ್ನುವ ಸದ್ದು ಉದ್ದವಾಗುತ್ತ ಹೋಯಿತು, ಆಮೇಲೆ ನರಳಿದಂತೆ ಕೇಳತೊಡಗಿತು. ನೀವು ತಲೆಯಾಡಿಸಿದಿರಿ. ಒತ್ತಿದೆ.

ಅರ್ಧ ಗೆರೆ. ನ್ಯಾಯಾಧೀಶರು, "ಇನ್ನೊಮ್ಮೆ," ಎಂದರು. ಮತ್ತೆ ಅರ್ಧ. ಹನಿಗಳ ವಿಷಯವನ್ನೂ ನೀವು ಹೇಳಿದಿರಿ. ಫ್ಲ್ಯಾಶ್ ಬಿದ್ದದ್ದರಿಂದಲೇ ಹನಿ ನಿಂತಿರಬಹುದಲ್ಲ ಎಂದು ಸರ್ಕಾರಿ ವಕೀಲರು ಕೇಳಿದರು, ನ್ಯಾಯವಾದ ಪ್ರಶ್ನೆಯೇ. "ಬಿದ್ದಿದ್ರ ದಂಡಿ ಮ್ಯಾಲಿನ ಹುಲ್ಲು ಮೊದಲ ಬೆಳ್ಳಗಾಗತಿತ್ರಿ. ಅದು ಎಲ್ಲಕ್ಕಿಂತ ಕರ್ರಗೈತಿ," ಎಂದಿರಿ. ಗೆದ್ದೆವು ಅಂದುಕೊಂಡೆ. ಆಗ ಬಂತು ಕೊನೆಯ ಪ್ರಶ್ನೆ.

"ಈ ಸೆಲ್ ಅವತ್ತಿನವೇನ್ರಿ?"

"ಅಲ್ರಿ. ಅವು ಈಗ ಇಲ್ಲ."

"ಹಂಗಾದ್ರ ಅವತ್ತು, ಆ ಗಳಿಗಿಗೆ, ಈ ಕ್ಯಾಮೆರಾ ಹಿಂಗ ಕೈಕೊಟ್ಟಿತ್ತು ಅಂತ ಪ್ರಮಾಣ ಮಾಡಿ ಹೇಳ್ತೀರೇನು?"

ಸತ್ಯವ್ವ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೌದು ಅನ್ನಿ ಸರ್, ಹೌದು ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಇಲ್ರಿ," ಎಂದಿರಿ ನೀವು. "ನಾ ಅಲ್ಲಿರಲಿಲ್ಲ. ಹಿಂಗ ಆಗಾಕ ಬರತೈತಿ ಅಂತ ಹೇಳಬಲ್ಲೆ. ಹಿಂಗ ಆಗಿತ್ತು ಅಂತ ಹೇಳಾಕ ಬರೂದಿಲ್ಲ."

ಹೊರಗೆ ಬೇವಿನ ಗಿಡದ ಕೆಳಗೆ ಸತ್ಯವ್ವ ಅತ್ತೆ ನಿಮ್ಮ ಎದುರು ನಿಂತು ಕೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. "ಹೌದು ಅಂತ ಒಂದು ಮಾತ ಅಂದಿದ್ರ ನಿಮ್ಮದೇನ ಹೋಗತಿತ್ರಿ? ಇಷ್ಟು ಮಾಡಿ, ಕಡೀಕ ಕೈ ಬಿಟ್ರಲ್ರಿ." ಹಾಲಪ್ಪ ಮಾಮಾನೇ ಅವಳ ತೋಳು ಹಿಡಿದು ದೂರ ಕರೆದೊಯ್ದ. ಜೀಪಿನಲ್ಲಿ ನಾನೂ ಮುಖ ತಿರುಗಿಸಿ ಕೂತಿದ್ದೆ. ಎಷ್ಟೋ ದೂರ ಬಂದ ಮೇಲೆ ನೀವೇ ಮಾತು ತೆಗೆದಿರಿ.

"ಸಿಟ್ಟು ಬಂದೈತೇನು?"

"ಬಂದೈತ್ರಿ."

"ಆ ಬೀರಪ್ಪನ್ನ ನೋಡಿದಿಯೇನು? ನನ್ನ ಬಾಯಿನ ನೋಡಾಕತ್ತಿದ್ದ. ಜಡ್ಜ್ ಸಾಹೇಬ್ರು ಅಲ್ಲ, ಅಂವಾ ನಂಬಬೇಕಾಗಿತ್ತು. ನಾ ಕಾಣದ್ದನ್ನ ಕಂಡೇನಿ ಅಂದಿದ್ರ..." ಅಷ್ಟರಲ್ಲಿ ಕೆಮ್ಮು ಬಂತು. ಆ ಮಾತನ್ನು ನೀವು ಮುಂದೆಯೂ ಮುಗಿಸಲಿಲ್ಲ.

ತೀರ್ಪಿನ ದಿನ ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ನೀವು ಹಾಸಿಗೆ ಹಿಡಿದಿರಿ. ಆಕ್ಸಿಜನ್ ನಳಿಗೆಯ ನಡುವೆಯೂ ನನ್ನನ್ನು ಕಂಡರೆ ಹುಬ್ಬು ಏರಿಸಿ ಕೇಳುತ್ತಿದ್ದಿರಿ, ಏನಾಯಿತು ಅಂತ. ಇನ್ನೂ ಇಲ್ಲ ಸರ್, ಎನ್ನುತ್ತಿದ್ದೆ. ಕೊನೆಗೆ ಕೇಳುವುದನ್ನೂ ಬಿಟ್ಟಿರಿ. ನಿಮ್ಮ ಮಣ್ಣಿಗೆ ಹಾಲಪ್ಪ ಮಾಮಾ ಬಂದಿದ್ದ, ಸತ್ಯವ್ವ ಅತ್ತೆಯೂ ಬಂದಿದ್ದಳು. ಅವಳು ಕಾಕೂನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಿದ್ದಳು.

ಈಗ ಕೇಳಿ ಸರ್. ನಿನ್ನೆ ತೀರ್ಪು ಬಂತು.

ಹನಿಗಳ ಮಾತು ತೀರ್ಪಿನಲ್ಲಿದೆ. ಆ ಫೋಟೋದ ಮೇಲೆ ಭರವಸೆ ಇಟ್ಟು ಹೊತ್ತು ಮುಳುಗಿತ್ತೆಂದು ಹೇಳಲಾಗದು, ಆರೋಪಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ, ಎಂದು ನ್ಯಾಯಾಧೀಶರು ಓದಿದರು. ನಾನು ಅಳುತ್ತಿದ್ದೆ. ಹಾಲಪ್ಪ ಮಾಮಾ ಮಾತ್ರ ಕಲ್ಲಿನಂತೆ ಹೊರಗೆ ಬಂದ. "ಸಂಶಯ ಅಂದ್ರಲ್ಲವಾ ಕಸ್ತೂರಿ," ಎಂದ. "ಸಂಶಯ ಹಂಗ ಉಳೀತಲ್ಲ." ಬೀರಪ್ಪ ಮಾಮಾ ಆಗಲೇ ಎದ್ದು ಹೋಗಿದ್ದ.

ಬನಹಟ್ಟಿಯ ಬಸ್ಸು ನಿಂತಿತ್ತು. ಹಾಲಪ್ಪ ಮಾಮಾ ಅದನ್ನು ಹತ್ತಲಿಲ್ಲ. ಅಣ್ಣನ ಹೊಸ ಊರಿನ ದಾರಿ ಹಿಡಿದು ನಡೆಯತೊಡಗಿದ. ಸತ್ಯವ್ವ ಅತ್ತೆ, "ಬ್ಯಾಡ್ರಿ, ಹೊಡದಾನು," ಎನ್ನುತ್ತ ಹಿಂದೆ ಓಡಿದಳು. ನಾನು ಆಟೋ ಮಾಡಿಕೊಂಡು ಇಬ್ಬರನ್ನೂ ಹತ್ತಿಸಿಕೊಂಡೆ.

ಅಣ್ಣನ ಮನೆಯ ಮುಂದೆ ಕುರಿಮರಿಗಳನ್ನು ಕಟ್ಟಿದ್ದರು. ಬೀರಪ್ಪ ಮಾಮಾ ಕಟ್ಟೆಯ ಮೇಲೆ ರುಮಾಲು ತೆಗೆದಿಟ್ಟು ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಹಾಲಪ್ಪ ಮಾಮಾ ಅಂಗಳದ ಹೊರಗೇ ನಿಂತ. ಇಬ್ಬರ ನಡುವೆ ನಾಲ್ಕು ಹೆಜ್ಜೆ ಜಾಗವೂ ಇರಲಿಲ್ಲ. ಬೀರಪ್ಪ ಮಾಮಾನ ಕೈ ಮುಷ್ಟಿ ಕಟ್ಟಿದ್ದನ್ನು ನೋಡಿ ನಾನು ಮುಂದೆ ಹೋಗಲೋ ಬೇಡವೋ ಎಂದು...

ಅವನು ನನ್ನ ಕಡೆ ನೋಡಿ ಕೇಳಿದ: "ಆ ಮಾಸ್ತರು ತೀರಕೊಂಡ್ರಂತಲ್ಲ."

"ಹೌದು ಮಾಮಾ."

"ಇವನ ಕಡೆಯಿಂದ ಬಂದವರು. ಹೌದು ಅಂತ ಅಂದು ಹೋಗಬೌದಾಗಿತ್ತು. ಇಲ್ಲ ಅಂದ್ರು. ಅವತ್ತಿಂದ ನನಗ ನಿದ್ದಿ ಇಲ್ಲ. ಇಲ್ಲ ಅನ್ನೂ ಮನಶ್ಯಾ ಆ ನೀರ ಹನಿ ವಿಷಯ ಮಾತ್ರ ಯಾಕ ಸುಳ್ಳ ಹೇಳ್ಯಾನು ಅಂತ."

ಹಾಲಪ್ಪ ಮಾಮಾ ಏನೋ ಹೇಳಲು ಬಾಯಿ ತೆರೆದ. "ಅಣ್ಣಾ, ನಾ ಇಳದು, ನಡದು ನೋಡಿದ್ನೋ..." ಎಂದಷ್ಟೇ ಕೇಳಿಸಿತು.

"ಗೊತ್ತಾತು ಬಿಡು," ಎಂದ ಬೀರಪ್ಪ ಮಾಮಾ. ಒಳಗೆ ಹೋದ. ನಾವು ಹಾಗೇ ನಿಂತಿದ್ದೆವು. ಅವನು ತಂಬಿಗೆಯಲ್ಲಿ ನೀರು ತಂದು ತಮ್ಮನ ಕಾಲ ಹತ್ತಿರ ಇಟ್ಟು, ಅವನ ಮುಖ ನೋಡದೆಯೇ ಕೇಳಿದ: "ಮುಂಜಾನಿಂದ ಏನರ ಉಂಡಿಯೇನಲೇ?"